ಬೈಠಕ್ ಹೊಡೆದ ಮೂರನೇ ದಿನ

ಆಫೀಸಿನಲ್ಲಿ ಯಾರು ಹೊಸದಾಗಿ ಜಿಮ್ ಸೇರಿದ್ದಾರೆ ಅಂತ ತಿಳ್ಕೋಬೇಕಾದ್ರೆ ಮೆಟ್ಟಿಲ ಹತ್ತಿರ ನಿಂತರೆ ಸಾಕು. ಹತ್ತುವಾಗ ಅಷ್ಟು ಗೊತ್ತಾಗೋದಿಲ್ಲ. ಇಳಿಯುವಾಗ ನೋಡಿ: ಕಂಬಿ ಗಟ್ಟಿಯಾಗಿ ಹಿಡಿದು, ಮೈ ಅಡ್ಡ ತಿರುಗಿಸಿ, ಏಡಿಯ ಥರ ಒಂದೊಂದೇ ಮೆಟ್ಟಿಲು. ಸ್ಕ್ವಾಟ್ ಮಾಡಿದ ದಿನ ಆರಾಮಾಗಿ ಮನೆಗೆ ಹೋಗಿರ್ತಾರೆ. ಮರುದಿನ ತೊಡೆ ಬಿಗಿ. ಮೂರನೇ ದಿನ ಕಮೋಡ್ ಮೇಲೆ ಕೂರೋದೂ ಒಂದು ಸಾಹಸ. 'ಲ್ಯಾಕ್ಟಿಕ್ ಆಸಿಡ್ ತುಂಬ್ಕೊಂಡಿದೆ, ನೀರು ಜಾಸ್ತಿ ಕುಡಿ' ಅನ್ನೋ ಸಲಹೆ ಪಕ್ಕದ ಡೆಸ್ಕಿನಿಂದ ಉಚಿತವಾಗಿ ಬರುತ್ತೆ.

ಹತ್ತೋದಕ್ಕಿಂತ ಇಳಿಯೋದು ಯಾಕೆ ಕಷ್ಟ? ಮಾಡಿದ ದಿನ ಇಲ್ಲದ ನೋವು ಮೂರನೇ ದಿನ ಎಲ್ಲಿಂದ ಬರುತ್ತೆ? ಈ ಎರಡು ಪ್ರಶ್ನೆಗಳಿಗೆ ಸರಿಯಾದ ಉತ್ತರ ಕಟ್ಟೋಕೆ ಪ್ರಯೋಗಾಲಯಗಳು ಎಂಟು ದಶಕ ತಗೊಂಡವು. ಅಷ್ಟೂ ಹೊತ್ತು ಚಿಕ್ಕೋಡಿ ಸೀಮೆಯ ತಾಲೀಮುಗಳಲ್ಲಿ ಹುಡುಗರು ದಿನಾ ನೂರಾರು ಬೈಠಕ್ ಹೊಡೀತಾನೇ ಇದ್ದರು, ಮರುದಿನ ನಸುಕಿನಲ್ಲಿ ಮತ್ತೆ ಅದೇ ಮಣ್ಣಿಗೆ ಇಳೀತಾನೇ ಇದ್ದರು. ಅವರಿಗೆ ಕಾರಣ ಗೊತ್ತಿರಲಿಲ್ಲ. ನೋವಿನ ಜೊತೆ ಹೇಗೆ ನಡ್ಕೋಬೇಕು ಅನ್ನೋದು ಗೊತ್ತಿತ್ತು. ನಮ್ಮದು ಉಲ್ಟಾ ಆಗಿದೆ ಅಂತ ನನಗೆ ಅನುಮಾನ.

ಮೊದಲು ಊರಿನ ವಿಷಯ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ: ಆಡಳಿತದ ಲೆಕ್ಕದಲ್ಲಿ ಇವು ಬೆಳಗಾವಿ ಜಿಲ್ಲೆ, ಕುಸ್ತಿಯ ಲೆಕ್ಕದಲ್ಲಿ ಕೊಲ್ಲಾಪುರ. ನಿಪ್ಪಾಣಿಯಿಂದ ಬೆಳಗಾವಿಗಿಂತ ಕೊಲ್ಲಾಪುರವೇ ಹತ್ತಿರ. ಕಾಗವಾಡದವರು ಸಂತೆಗೂ ದವಾಖಾನೆಗೂ ಮಿರಜಕ್ಕೆ ಹೋಗಿ ಬರ್ತಾರೆ. ರಾಯಬಾಗವಂತೂ ಸ್ವಾತಂತ್ರ್ಯ ಬರೋವರೆಗೂ ಕೊಲ್ಲಾಪುರ ಸಂಸ್ಥಾನಕ್ಕೇ ಸೇರಿತ್ತು. 1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಗಡಿಯ ಜಗಳ ಶುರುವಾಗಿ ಇನ್ನೂ ಮುಗಿದಿಲ್ಲ. ಆದರೆ ಜಾತ್ರೆಯ ಕುಸ್ತಿ ಕಣದಲ್ಲಿ ಹಲಗಿ ಬಡಿಯೋಕೆ ಶುರುವಾದ ಮೇಲೆ ಆ ಕಡೆಯ ಪೈಲ್ವಾನ, ಈ ಕಡೆಯ ಪೈಲ್ವಾನ ಇಬ್ಬರೂ ಒಂದೇ ಮಣ್ಣಿನಲ್ಲಿ ಹೊರಳ್ತಾರೆ. ಅಲ್ಲಿ ಭಾಷೆಯೂ ಕಲಸಿಹೋಗಿದೆ. ಗುರು 'ವಸ್ತಾದ', ವ್ಯಾಯಾಮಕ್ಕೆ ಅಚ್ಚ ಕನ್ನಡದ 'ಸಾಮು', ಮನೆಗೆ 'ತಾಲೀಮು' ಅಂತಲೂ 'ಗರಡಿ ಮನಿ' ಅಂತಲೂ ಹೆಸರು, ಮೈ ತಿಕ್ಕೋದು 'ಮಾಲೀಶ್', ತಿನ್ನೋದು 'ಖುರಾಕು'. ನೋವು ಮಾತ್ರ ಯಾರ ಬಾಯಲ್ಲೂ ಬೇರೆ ಆಗಲಿಲ್ಲ, ಅದು 'ಬ್ಯಾನಿ'. ಇವತ್ತಿನ ಮೂರನೇ ದಿನದ ನೋವಿಗೆ ನಮ್ಮ ಕಡೆಯವರು ಹೇಳೋದು 'ಮೈ ಹಿಡ್ಕೊಂಡೈತಿ' ಅಂತ. ಇಂಗ್ಲಿಷಿನವರು ಇದಕ್ಕೆ 'ಡಿಲೇಯ್ಡ್ ಆನ್‌ಸೆಟ್ ಮಸಲ್ ಸೋರ್‌ನೆಸ್' ಅಂತ ನಾಲ್ಕು ಮಾತಿನ ಹೆಸರಿಟ್ಟು, ಬಾಯಿ ನೋಯುತ್ತೆ ಅಂತ 'ಡಾಮ್ಸ್' ಮಾಡ್ಕೊಂಡಿದ್ದಾರೆ.

ಕೊಲ್ಲಾಪುರದ ಈ ಎಳೆತಕ್ಕೆ ಒಬ್ಬ ಮನುಷ್ಯನ ಹೆಸರಿದೆ: ಛತ್ರಪತಿ ಶಾಹು ಮಹಾರಾಜ. ಸ್ವತಃ ದೈತ್ಯ ಮೈಕಟ್ಟು, ಕುಸ್ತಿಯ ಹುಚ್ಚು. 1902ರಲ್ಲಿ ಏಳನೇ ಎಡ್ವರ್ಡ್‌ನ ಪಟ್ಟಾಭಿಷೇಕಕ್ಕೆ ಅಂತ ಯುರೋಪಿಗೆ ಹೋದಾಗ ರೋಮಿನ ಕೊಲೋಸಿಯಂ ನೋಡಿದರು, ಅಂಥದ್ದೊಂದು ತಮ್ಮ ಊರಲ್ಲೂ ಬೇಕು ಅನ್ನಿಸಿತು. ಅದರ ಫಲವೇ 1912ರ ಖಾಸಬಾಗ್ ಮೈದಾನ. ನಡುವೆ ಕೆಂಪು ಮಣ್ಣಿನ ಕಣ, ಸುತ್ತ ಇಳಿಜಾರಿನ ಬಯಲು, ಎಲ್ಲಿ ಕೂತರೂ ಕುಸ್ತಿ ಕಾಣುತ್ತೆ. ಅದೇ 1902ರ ಜುಲೈನಲ್ಲಿ ಅವರು ಸಂಸ್ಥಾನದ ಖಾಲಿ ಹುದ್ದೆಗಳಲ್ಲಿ ಶೇಕಡಾ 50ನ್ನು ಹಿಂದುಳಿದವರಿಗೆ ಮೀಸಲಿಟ್ಟ ಆದೇಶ ಹೊರಬಿದ್ದಿದ್ದು. ಆ ವರ್ಷವನ್ನ ನೆನಪಿಡಿ, ಅಮೆರಿಕಕ್ಕೆ ಹೋದಾಗ ಮತ್ತೆ ಬೇಕಾಗುತ್ತೆ.

ಮಹಾರಾಜರ ಕಾಲ ಮುಗಿದ ಮೇಲೂ ಗಂಗಾವೇಸ, ಮೋತಿಬಾಗ, ಶಾಹುಪುರಿ ತಾಲೀಮುಗಳು ಸುತ್ತಲಿನ ಹಳ್ಳಿಗಳ ಹುಡುಗರನ್ನ ಎಳ್ಕೊಳ್ತಾನೇ ಇದ್ದವು. ಹಾಗೆ ಹೋದವರಲ್ಲಿ ಒಬ್ಬರು ಚಿಕ್ಕೋಡಿ ತಾಲೂಕಿನ, ದೂಧಗಂಗಾ ದಂಡೆಯ ಯಕ್ಸಂಬಾದ ಶ್ರೀಪತಿ ಖಂಚನಾಳೆ. ಶಾಹುಪುರಿ ತಾಲೀಮಿನಲ್ಲಿ ಸಾಮು ಮಾಡಿದ ಈ ಪೈಲ್ವಾನರು 1959ರಲ್ಲಿ ಪಂಜಾಬಿನ ಬಂತಾ ಸಿಂಗ್‌ರನ್ನ ಕೆಡವಿ ದೇಶದ ಮೊಟ್ಟಮೊದಲ 'ಹಿಂದ್ ಕೇಸರಿ' ಆದರು. ತೀರಿಕೊಂಡಿದ್ದು 2020ರ ಡಿಸೆಂಬರಿನಲ್ಲಿ. ಬೆಂಗಳೂರಿನ ಫಿಟ್‌ನೆಸ್ ಪಾಡ್‌ಕಾಸ್ಟುಗಳಲ್ಲಿ ಅಮೆರಿಕದ ಬಾಡಿಬಿಲ್ಡರುಗಳ ಊಟದ ಪಟ್ಟಿ ಬಾಯಿಪಾಠ ಒಪ್ಪಿಸೋರಿಗೆ ಈ ಹೆಸರು ಕೇಳಿ ನೋಡಿ. ನಮ್ಮದೇ ಜಿಲ್ಲೆಯ ಮನುಷ್ಯ, ಗೂಗಲ್ ಮಾಡಬೇಕಾಗುತ್ತೆ.

ಇಂಥ ತಾಲೀಮಿಗೆ ಹೊಸ ಹುಡುಗ ಬಂದರೆ ಮೊದಲ ದಿನವೇ ಅವನನ್ನ ಯಾರೂ ಕೆಡವೋದಿಲ್ಲ. ಅವನ ಕೈಗೆ ಸಲಿಕಿ ಬರುತ್ತೆ. ಕಣದ ಮಣ್ಣು ಕೆದರಬೇಕು, ತಿರುವಬೇಕು, ಹದ ಮಾಡಬೇಕು. ಆ ಮಣ್ಣು ಬರೀ ಮಣ್ಣಲ್ಲ. ಅದರಲ್ಲಿ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆಹಣ್ಣಿನ ರಸ ಎಲ್ಲ ಸೇರಿರುತ್ತೆ. ಗಂಟೆಗಟ್ಟಲೆ ಆ ಮಣ್ಣು ತಿರುವೋದೇ ಬೆನ್ನು, ಭುಜ, ಮುಂಗೈಗೆ ಸಾಮು. ಆಮೇಲೆ ಬೈಠಕ್, ದಂಡ. ಇವತ್ತು ಇಷ್ಟು, ಇನ್ನೊಂದು ವಾರಕ್ಕೆ ಇಷ್ಟು ಅಂತ ಲೆಕ್ಕ ಏರಿಸೋನು ವಸ್ತಾದ. ಹುಡುಗನ ಹುರುಪು ನೋಡಿ ಏರಿಸೋದಿಲ್ಲ, ನಿನ್ನೆ ಮಾಡಿದ್ದು ಇವತ್ತು ಅವನ ಮೈಯಲ್ಲಿ ಹೇಗೆ ಕೂತಿದೆ ನೋಡಿ ಏರಿಸ್ತಾನೆ. ಯಾಕಂದ್ರೆ ತಾಲೀಮಿನ ಗುರಿ ಇವತ್ತಿನ ಸಾಮು ಅಲ್ಲವೇ ಅಲ್ಲ. ನಾಳೆ ನಸುಕಿನ ನಾಲ್ಕು ಗಂಟೆಗೆ ಹುಡುಗ ಎದ್ದು ಬರಬೇಕು, ಬಂದು ಜೋಡಿಯವನ ಜೊತೆ 'ಜೋರ್' ಮಾಡಬೇಕು. ಮೈ ಹಿಡ್ಕೊಂಡು ಮಲಗಿದ ಪೈಲ್ವಾನನಿಂದ ತಾಲೀಮಿಗೆ ಏನು ಉಪಯೋಗ?

ಇದು ಈ ಸೀಮೆಗೆ ನಿನ್ನೆ ಮೊನ್ನೆ ಬಂದ ಬುದ್ಧಿಯೂ ಅಲ್ಲ. ಹನ್ನೆರಡನೇ ಶತಮಾನದಲ್ಲಿ, ಈ ಭಾಗ ಕೂಂಡಿ ಮೂರುಸಾವಿರ ಅನ್ನೋ ನಾಡಾಗಿ ಕಲ್ಯಾಣದ ಚಾಲುಕ್ಯರ ಕೆಳಗಿದ್ದಾಗ, ಆ ವಂಶದ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ' ಅನ್ನೋ ಸಂಸ್ಕೃತ ವಿಶ್ವಕೋಶ ಬರೆಸಿದ, ಸುಮಾರು 1130ರಲ್ಲಿ. ಅಡುಗೆಯಿಂದ ಆನೆಯವರೆಗೆ ಎಲ್ಲ ಇರೋ ಆ ಪುಸ್ತಕದಲ್ಲಿ ಮಲ್ಲರಿಗೂ ಒಂದು ಅಧ್ಯಾಯ ಇದೆ. ಮಲ್ಲರನ್ನ ವಯಸ್ಸು, ಗಾತ್ರ, ಬಲದ ಪ್ರಕಾರ ದರ್ಜೆ ಮಾಡ್ತಾನೆ. ಸಾಮಿನ ಬಗೆಗಳನ್ನ ಹೇಳ್ತಾನೆ: ಭಾರ ಎತ್ತೋದು ಭಾರಶ್ರಮ, ಬೆಳಗಿನ ನಡಿಗೆ ಭ್ರಮಣಶ್ರಮ, ಕಂಬದ ಮೇಲಿನದು ಸ್ತಂಭಶ್ರಮ, ಕುತ್ತಿಗೆಮಟ್ಟ ನೀರಿನಲ್ಲಿ ನಿಂತು ಓಡಾಡೋದು ಸಲಿಲಶ್ರಮ. ಓದುವಾಗ ನನಗೆ ನಗು ಬಂದದ್ದು ಯಾಕಂದ್ರೆ, ವೇಟ್ ಟ್ರೇನಿಂಗ್, ಕಾರ್ಡಿಯೋ, ಪೂಲ್ ಸೆಷನ್ ಅಂತ ವಾರದ ಪಟ್ಟಿ ಮಾಡಿ ನಮ್ಮ ಹತ್ತಿರ ತಿಂಗಳಿಗೆ ಸಾವಿರಾರು ರೂಪಾಯಿ ತಗೊಳ್ಳೋ ಪ್ಲಾನ್ ಇದೇ ತಾನೆ? ಭಾರ ಒಂದು ಕಡೆ, ನಡಿಗೆ-ನೀರು ಇನ್ನೊಂದು ಕಡೆ. ಅದಕ್ಕಿಂತ ಹಳೇ ವೈದ್ಯಗ್ರಂಥಗಳು ಇನ್ನೂ ಸ್ಪಷ್ಟ. ಬಲದ ಅರ್ಧಕ್ಕೆ ನಿಲ್ಲಿಸು ಅಂತ ಸುಶ್ರುತ ಸಂಹಿತೆ. ವ್ಯಾಯಾಮ ಆದಮೇಲೆ ಹಿತವಾಗೋ ಹಾಗೆ ಮೈ ಎಲ್ಲ ತಿಕ್ಕು ಅಂತ ವಾಗ್ಭಟ. ಅತಿಯಾಗಿ ಮಾಡಿದವನು ಆನೆಯನ್ನ ಎಳೆದಾಡಿದ ಸಿಂಹದ ಹಾಗೆ ತಾನೇ ನಾಶ ಆಗ್ತಾನೆ ಅಂತಲೂ ಎಚ್ಚರಿಸ್ತಾನೆ. ಎಲ್ಲ ಅಲ್ಲಿಯೇ ಇತ್ತು ಅಂತ ಎದೆ ತಟ್ಟಿಕೊಳ್ಳೋ ಜಾತಿಗೆ ನಾನು ಸೇರಿದವನಲ್ಲ. ಸ್ನಾಯುವಿನ ಒಳಗೆ ಏನಾಗ್ತಿದೆ ಅಂತ ಇವರಾರಿಗೂ ಗೊತ್ತಿರಲಿಲ್ಲ, ಗೊತ್ತಾಗೋ ಸಾಧನವೂ ಇರಲಿಲ್ಲ.

ಸಾಧನ ಬಂದದ್ದು ಹತ್ತೊಂಬತ್ತನೇ ಶತಮಾನದ ಕೊನೆಗೆ. ಇಟಲಿಯ ಆಂಜೆಲೋ ಮೊಸ್ಸೋ ಅನ್ನೋ ಶರೀರವಿಜ್ಞಾನಿ 'ಎರ್ಗೋಗ್ರಾಫ್' ಅನ್ನೋ ಯಂತ್ರ ಮಾಡಿದ. ಕೈಯನ್ನ ಕಟ್ಟಿಹಾಕಿ, ಒಂದೇ ಬೆರಳಿನಿಂದ ಭಾರ ಎಳೆಸಿ, ಅದು ದಣಿಯೋದನ್ನ ಗೆರೆ ಎಳೆದು ತೋರಿಸೋ ಯಂತ್ರ. ಅಂಥದ್ದೇ ಯಂತ್ರ ಇಟ್ಕೊಂಡು ಬಾಸ್ಟನ್ನಿನ ಥಿಯೋಡೋರ್ ಹಫ್ 1902ರಲ್ಲಿ, ಅಂದ್ರೆ ಶಾಹು ಮಹಾರಾಜರು ಯುರೋಪಿನಲ್ಲಿದ್ದ ಅದೇ ವರ್ಷ, ಒಂದು ಲೇಖನ ಪ್ರಕಟಿಸಿದ. ಅವನು ಕಂಡ ಸಂಗತಿ ಸಣ್ಣದು, ಆದರೆ ಅದರಿಂದಲೇ ಎಲ್ಲ ಶುರು: ನೋವು ಒಂದೇ ಥರದ್ದಲ್ಲ. ಕೆಲಸ ಮಾಡ್ತಾ ಮಾಡ್ತಾ ಬರೋ ಉರಿ ಬೇರೆ, ಅದು ನಿಲ್ಲಿಸಿದ ಕೂಡಲೇ ಇಳಿಯುತ್ತೆ. ಗಂಟೆಗಳ ನಂತರ ಬಂದು ಎರಡು ದಿನ ಕಾಡೋ ನೋವು ಬೇರೆ, ಅದು ಅಭ್ಯಾಸವಿಲ್ಲದ ಸ್ನಾಯುವಿಗೆ ಮಾತ್ರ. ಈ ಎರಡನೇ ನೋವು ಸ್ನಾಯುವಿನ ಒಳಗಿನ ಸೂಕ್ಷ್ಮ ಹರಿತದಿಂದ ಬರ್ತಿರಬೇಕು ಅಂತ ಅವನ ಊಹೆ. ಊಹೆ ಬಹುಮಟ್ಟಿಗೆ ಸರಿಯಾಗಿತ್ತು.

ಆದರೆ ಜಗತ್ತು ಅವನ ಮಾತು ಕೇಳೋ ಹೊತ್ತಿಗೆ ಲ್ಯಾಕ್ಟಿಕ್ ಆಸಿಡ್ ಅಡ್ಡ ಬಂತು. ಸ್ವೀಡನ್ನಿನ ಬರ್ಜೀಲಿಯಸ್ ಹತ್ತೊಂಬತ್ತನೇ ಶತಮಾನದ ಶುರುವಿನಲ್ಲೇ ಬೇಟೆಯಲ್ಲಿ ಓಡಿ ಸತ್ತ ಜಿಂಕೆಯ ಮಾಂಸದಲ್ಲಿ ಆ ಆಮ್ಲ ಕಂಡಿದ್ದ. 1907ರಲ್ಲಿ ಕೇಂಬ್ರಿಜ್‌ನ ಫ್ಲೆಚರ್ ಮತ್ತು ಹಾಪ್ಕಿನ್ಸ್ ಕಪ್ಪೆಯ ಕಾಲಿನಲ್ಲಿ ಅದನ್ನ ಅಳೆದರು: ದಣಿದ ಸ್ನಾಯುವಿನಲ್ಲಿ ಹೆಚ್ಚು, ಸಾಕಷ್ಟು ಆಕ್ಸಿಜನ್ ಸಿಕ್ಕರೆ ಕಡಿಮೆ. ಇದೇ ದಾರಿಯಲ್ಲಿ ಮುಂದೆ ಹೋದ ಎ. ವಿ. ಹಿಲ್ ಮತ್ತು ಮೆಯರ್‌ಹಾಫ್ ಅವರಿಗೆ 1922ರ ನೊಬೆಲ್ ಬಂತು. ನೊಬೆಲ್ ಬಂದ ಮೇಲೆ ಕೇಳಬೇಕೆ, ದಣಿವು, ಉರಿ, ಮೂರನೇ ದಿನದ ಬ್ಯಾನಿ ಎಲ್ಲಕ್ಕೂ ಒಂದೇ ಅಪರಾಧಿ. ಕೋಚುಗಳು ಹೇಳಿದರು, ಪಿಟಿ ಮಾಸ್ತರು ಹೇಳಿದರು, ಈಗ ಪಕ್ಕದ ಡೆಸ್ಕಿನವನು ಹೇಳ್ತಿದ್ದಾನೆ.

ಇದರ ನಡುವೆಯೇ ಬೇರೆ ಬಾಗಿಲು ತೆರೀತಿತ್ತು. 1952ರಲ್ಲಿ ಲಂಡನ್ನಿನಲ್ಲಿ ಆಬಟ್, ಬಿಗ್‌ಲ್ಯಾಂಡ್, ರಿಚಿ ಅನ್ನೋ ಮೂವರು ಎರಡು ಸೈಕಲ್ಲುಗಳನ್ನ ಬೆನ್ನಿಗೆ ಬೆನ್ನು ಇಟ್ಟು, ಒಂದೇ ಚೈನಿನಿಂದ ಜೋಡಿಸಿದರು. ಒಬ್ಬರು ಪೆಡಲ್ ಮುಂದಕ್ಕೆ ತುಳೀಬೇಕು, ಇನ್ನೊಬ್ಬರು ತಮ್ಮ ಪೆಡಲ್ ಹಿಂದಕ್ಕೆ ತಿರುಗದಂತೆ ಕಾಲಲ್ಲಿ ತಡೀಬೇಕು. ಬಲ ಇಬ್ಬರದೂ ಅಷ್ಟೇ, ಆದರೆ ತಡೆಯೋರಿಗೆ ಆಕ್ಸಿಜನ್ ಬಹಳ ಕಡಿಮೆ ಸಾಕು. ರಾಯಲ್ ಸೊಸೈಟಿಯಲ್ಲಿ ಇದನ್ನ ತೋರಿಸಿದಾಗ ಸಣ್ಣ ಮೈಯ ಹೆಣ್ಣುಮಗಳು ತಡೀತಾ ಕೂತಳು, ತುಳೀತಿದ್ದ ಗಂಡಸು ಸುಸ್ತು ಹೊಡೆದ. ಪ್ರೇಕ್ಷಕರಿಗೆ ಭಾರಿ ಮಜಾ. ಸ್ನಾಯು ಕುಗ್ಗುತ್ತಾ ಭಾರ ಎತ್ತೋದು ಒಂದು ಕೆಲಸ, ಉದ್ದ ಆಗ್ತಾ ಭಾರ ತಡೆಯೋದು ಇನ್ನೊಂದೇ ಕೆಲಸ ಅನ್ನೋದು ಕಣ್ಣಿಗೆ ಕಂಡಿತು. ತಡೆಯೋದು ಸುಲಭ ಅನ್ನಿಸುತ್ತೆ, ಯಾಕಂದ್ರೆ ಅದಕ್ಕೆ ಕಡಿಮೆ ಎಳೆಗಳು ಸಾಕು. ಆದರೆ ಅದೇ ಕಾರಣಕ್ಕೆ ದುಡಿಯೋ ಒಂದೊಂದು ಎಳೆಯ ಮೇಲೂ ಬೀಳೋ ಹೊರೆ ಜಾಸ್ತಿ.

ಮುಂದಿನದು ಕೋಪನ್‌ಹೇಗನ್ನಿನ ಎರ್ಲಿಂಗ್ ಆಸ್ಮುಸೆನ್ 1956ರಲ್ಲಿ ಮಾಡಿದ್ದು. ಜನರನ್ನ ಸ್ಟೂಲಿನ ಮೇಲೆ ಒಂದೇ ಕಾಲಿಂದ ಹತ್ತಿಸಿ, ಇನ್ನೊಂದೇ ಕಾಲಿಂದ ಇಳಿಸಿದ. ನೋವು ಬಂದದ್ದು ಇಳಿಸಿದ ಕಾಲಿಗೆ. ಬೈಠಕ್ ಅಂದ್ರೆ ಏನು? ಮೈಭಾರವನ್ನ ತೊಡೆಯಲ್ಲಿ ತಡೆದು ತಡೆದು ಕೆಳಗೆ ಇಳಿಸೋದು, ಮತ್ತೆ ಎತ್ತೋದು. ನೂರು ಬೈಠಕ್ ಅಂದ್ರೆ ನೂರು ಸಲ ಇಳಿಯೋದು. ನಿಮ್ಮ ಸ್ಕ್ವಾಟೂ ಅದೇ, ಹೆಗಲ ಮೇಲೆ ಕಬ್ಬಿಣ ಹೆಚ್ಚುವರಿ. ಮೆಟ್ಟಿಲ ಮೇಲಿನ ಏಡಿ ನಡಿಗೆಗೆ ಕಾರಣ ಇಷ್ಟೇ: ನೊಂದ ತೊಡೆ, ತನ್ನನ್ನ ನೋಯಿಸಿದ ಅದೇ ಕೆಲಸವನ್ನ ಒಂದೊಂದು ಮೆಟ್ಟಿಲಿಗೂ ಮತ್ತೆ ಮಾಡಬೇಕು.

1981ರಲ್ಲಿ ಸ್ವೀಡನ್ನಿನ ಫ್ರಿಡೆನ್ ಮತ್ತು ಸಂಗಡಿಗರು ಜನರಿಂದ ಮತ್ತೆ ಮತ್ತೆ ಮೆಟ್ಟಿಲು ಇಳಿಸಿ, ಆಮೇಲೆ ಅವರ ಕಾಲಿನಿಂದ ಸಾಸಿವೆಯಷ್ಟು ಸ್ನಾಯು ತೆಗೆದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಸ್ನಾಯುವಿನೊಳಗೆ ಸಾಲಾಗಿ, ನೇಯ್ದ ಪಟ್ಟಿಯ ಹಾಗೆ ಇರಬೇಕಾದ ಗೆರೆಗಳು ಅಲ್ಲಲ್ಲಿ ಹರಡಿ, ಅಂಕುಡೊಂಕಾಗಿ ಹೋಗಿದ್ದವು. ಎರಡು ವರ್ಷ ಬಿಟ್ಟು, 1983ರಲ್ಲಿ, ಅಮೆರಿಕದ ಶ್ವೇನ್ ಮತ್ತು ಸಂಗಡಿಗರು ಲ್ಯಾಕ್ಟಿಕ್ ಆಸಿಡ್‌ನ ಕೇಸೇ ಮುಗಿಸಿದರು. ಒಂದಿಷ್ಟು ಜನರನ್ನ ಟ್ರೆಡ್‌ಮಿಲ್ ಮೇಲೆ ಸಮತಟ್ಟಿನಲ್ಲಿ ಮುಕ್ಕಾಲು ಗಂಟೆ ಓಡಿಸಿದರು: ರಕ್ತದಲ್ಲಿ ಆಸಿಡ್ ಏರಿತು, ಆಮೇಲೆ ನೋವು ಬರಲಿಲ್ಲ. ಇಳಿಜಾರಿನಲ್ಲಿ ಓಡಿಸಿದರು: ಆಸಿಡ್ ಏರಲಿಲ್ಲ, ನೋವು ಬಂತು. ಇಷ್ಟಕ್ಕೂ ಏರಿದ ಲ್ಯಾಕ್ಟೇಟ್ ಸುಮಾರು ಒಂದು ಗಂಟೆಯ ಒಳಗೆ ಇಳಿದುಹೋಗುತ್ತೆ, ಬುಧವಾರದ ನೋವಿಗೆ ಸೋಮವಾರದ ಆಸಿಡ್ ಕಾಯ್ತಾ ಕೂರೋದಿಲ್ಲ. ಏನಾಗುತ್ತೆ ಅಂದ್ರೆ, ಆ ಸಣ್ಣ ಸಣ್ಣ ಹಾನಿಯನ್ನ ಸರಿಮಾಡೋಕೆ ಮೈ ಉರಿಯೂತ ಶುರು ಮಾಡುತ್ತೆ, ಆ ಜಾಗದ ನರಗಳು ಸೂಕ್ಷ್ಮ ಆಗ್ತವೆ. ಈ ರಿಪೇರಿ ಕೆಲಸ ನಿಧಾನವಾಗಿ ಏರಿ, ಒಂದರಿಂದ ಮೂರು ದಿನದ ಮಧ್ಯೆ ಜೋರಾಗಿ, ಆಮೇಲೆ ಇಳಿಯುತ್ತೆ. ಅದಕ್ಕೇ ತಡ.

ತಮಾಷೆ ಅಂದ್ರೆ, ವಿಜ್ಞಾನಿಗಳು ಈ ಲೆಕ್ಕ ಚುಕ್ತಾ ಮಾಡ್ತಿದ್ದ ಅದೇ ಹೊತ್ತಿಗೆ, 1982ರಲ್ಲಿ, ಹಾಲಿವುಡ್ಡಿನ ಜೇನ್ ಫೋಂಡಾ ವ್ಯಾಯಾಮದ ವಿಡಿಯೋ ಕ್ಯಾಸೆಟ್ ಬಿಟ್ಟರು. ಉರಿಯನ್ನ ಅನುಭವಿಸಿ, ನೋವಿಲ್ಲದೆ ಫಲ ಇಲ್ಲ ಅನ್ನೋ ಮಾತುಗಳು ಮನೆ ಮನೆಯ ಟೀವಿಗೆ ಬಂದವು. ಹಫ್ 1902ರಲ್ಲಿ ಬೇರೆ ಬೇರೆ ಮಾಡಿಟ್ಟಿದ್ದ ಉರಿ ಮತ್ತು ನೋವು ಮತ್ತೆ ಒಂದೇ ಗಂಟಿಗೆ ಬಿದ್ದವು. ಅಲ್ಲಿಂದ ನೋವು ಅಂದ್ರೆ ಮಾಡಿದ ಕೆಲಸಕ್ಕೆ ಸಿಕ್ಕ ರಸೀದಿ ಅನ್ನೋ ಭಾವನೆ. 'ನಿನ್ನೆ ಟ್ರೇನರ್ ಸಾಯಿಸಿಬಿಟ್ಟ' ಅಂತ ಇನ್‌ಸ್ಟಾದಲ್ಲಿ ಹಾಕ್ಕೊಳ್ಳೋದು ಹೊಗಳಿಕೆ. ತಾಲೀಮಿನಲ್ಲಿ ಅದನ್ನ ಹೇಳಿದ್ರೆ ವಸ್ತಾದನಿಗೆ ಅವಮಾನ ಆಗ್ತಿತ್ತು, ಅವನಿಗೆ ಲೆಕ್ಕ ಹಾಕೋಕೆ ಬರಲಿಲ್ಲ ಅಂತ ಅರ್ಥ. ನೋವು ಹೆಚ್ಚಾದಷ್ಟೂ ಸ್ನಾಯು ಹೆಚ್ಚು ಬೆಳೆಯುತ್ತೆ ಅನ್ನೋದಕ್ಕೆ ಆಧಾರವೂ ಇಲ್ಲ. ನೋವು ಮುಖ್ಯವಾಗಿ ಹೇಳೋದು ಒಂದು ಮಾತು: ಈ ಕೆಲಸ ಈ ಮೈಗೆ ಹೊಸದು.

ಹೊಸದು ಅನ್ನೋದೇ ಇಡೀ ವಿಷಯದ ಕೀಲಿ. ಅದೇ ಸಾಮನ್ನ ಕೆಲವು ದಿನ ಬಿಟ್ಟು ಇನ್ನೊಂದು ಸಲ ಮಾಡಿದರೆ ನೋವು ಗಮನಾರ್ಹವಾಗಿ ಕಡಿಮೆ. ಒಂದೇ ಒಂದು ಸಲ ಮಾಡಿದ್ದರ ರಕ್ಷಣೆ ವಾರಗಟ್ಟಲೆ ಇರುತ್ತೆ, ಕೆಲವು ಪ್ರಯೋಗಗಳಲ್ಲಿ ಆರು ತಿಂಗಳವರೆಗೂ ಅದರ ಗುರುತು ಕಂಡಿದೆ. ಇದಕ್ಕೂ ವಿಜ್ಞಾನದವರು ಒಂದು ಉದ್ದ ಹೆಸರಿಟ್ಟಿದ್ದಾರೆ, ಬಿಡಿ. ಮೊದಲ ಸಲದ ಕೆಲಸ ಜೋರಾಗಿ ಇರಬೇಕು ಅಂತಲೂ ಇಲ್ಲ, ಹಗುರಾಗಿ ಮಾಡಿದ್ದೂ ರಕ್ಷಣೆ ಕೊಡುತ್ತೆ. ಸಲಿಕಿ ಹಿಡಿಸಿ ಮಣ್ಣು ತಿರುವಿಸಿ, ಬೈಠಕ್ಕಿನ ಲೆಕ್ಕವನ್ನ ವಾರ ವಾರ ಸ್ವಲ್ಪ ಸ್ವಲ್ಪ ಏರಿಸ್ತಿದ್ದ ವಸ್ತಾದ ಮಾಡ್ತಿದ್ದದ್ದು ಇದನ್ನೇ.

ಹಾಗಾದರೆ ಜಿಮ್ಮಿಗೂ ತಾಲೀಮಿಗೂ ವ್ಯತ್ಯಾಸ ಎಲ್ಲಿ ಬಂತು? ನನ್ನ ಲೆಕ್ಕದಲ್ಲಿ ಬಾರ್‌ಬೆಲ್‌ನಲ್ಲಿ. ಬೈಠಕ್ಕಿನಲ್ಲಿ ಭಾರ ನಿಮ್ಮ ಮೈಯಷ್ಟೇ. ಏರಿಸಬಹುದಾದದ್ದು ಸಂಖ್ಯೆಯನ್ನ, ಅದೂ ಒಂದೊಂದಾಗಿ. ಕಬ್ಬಿಣ ಬಂದ ಮೇಲೆ ಭಾರವನ್ನೇ ಒಂದು ತಟ್ಟೆ ಸೇರಿಸಿ ಜಿಗಿಸಬಹುದು. ಕರ್ನಾಟಕದಲ್ಲಿ ಈ ಹೊಸ ಪದ್ಧತಿಗೆ ಮರ್ಯಾದೆ ತಂದುಕೊಟ್ಟವರು ಬೆಂಗಳೂರಿನ ಕೆ. ವಿ. ಅಯ್ಯರ್. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಅದೇ ಅಯ್ಯರ್. ಹರ್ಕ್ಯುಲಿಸ್ ಜಿಮ್ನಾಶಿಯಂ ನಡೆಸಿದರು, 1930ರಲ್ಲಿ 'ಮಸಲ್ ಕಲ್ಟ್' ಅನ್ನೋ ಇಂಗ್ಲಿಷ್ ಪುಸ್ತಕ ಬರೆದರು, ಅಂಚೆಯ ಮೂಲಕವೂ ಪಾಠ ಕಳಿಸಿದರು. ಗುರು ಎದುರಿಗಿಲ್ಲದೆ ಸಾಮು ಕಲಿಯಬಹುದು ಅನ್ನೋದು ನಮ್ಮಲ್ಲಿ ಅಲ್ಲಿಂದ ಬೇರೂರಿತು ಅಂತ ಕಾಣುತ್ತೆ. ಈಗ ಅಂಚೆಯ ಜಾಗದಲ್ಲಿ ಯೂಟ್ಯೂಬ್. ಪಾಠದಲ್ಲಿ ತಪ್ಪಿಲ್ಲ, ನಿನ್ನೆಯ ಸಾಮು ಇವತ್ತು ನಿಮ್ಮ ಮೈಯಲ್ಲಿ ಹೇಗೆ ಕೂತಿದೆ ಅಂತ ನೋಡೋ ಕಣ್ಣು ಅದಕ್ಕಿಲ್ಲ.

ಇನ್ನು ಮಾಲೀಶ್. ತಾಲೀಮಿನ ಅರ್ಧ ಜೀವ ಇದರಲ್ಲಿದೆ. ಸಾಮು ಮುಗಿದ ಮೇಲೆ ಹುಡುಗರು ಹಿರಿಯರ ತೊಡೆ, ಬೆನ್ನು ತಿಕ್ಕುತ್ತಾರೆ. ಅಂಗೈ, ಹೆಬ್ಬೆರಳು, ಮೊಣಕೈ, ಕೊನೆಗೆ ಬೆನ್ನ ಮೇಲೆ ಹತ್ತಿ ನಿಂತು ಅಂಗಾಲು. ಹುಡುಗರು ಹುಡುಗರು ತಮ್ಮ ತಮ್ಮಲ್ಲೂ ತಿಕ್ಕಿಕೊಳ್ತಾರೆ. ಬನಾರಸಿನ ಅಖಾಡಾಗಳ ಬಗ್ಗೆ 1992ರಲ್ಲಿ 'ದಿ ರೆಸ್ಲರ್ಸ್ ಬಾಡಿ' ಅನ್ನೋ ಪುಸ್ತಕ ಬರೆದ ಮಾನವಶಾಸ್ತ್ರಜ್ಞ ಜೋಸೆಫ್ ಆಲ್ಟರ್ ಇದರಲ್ಲಿ ಇನ್ನೊಂದನ್ನ ಗಮನಿಸಿದ್ದಾರೆ: ಹೊರಗೆ ಒಬ್ಬರನ್ನೊಬ್ಬರು ಮುಟ್ಟಲು ಹಿಂಜರಿಯೋ ಜಾತಿಗಳವರು ಒಳಗೆ ಒಬ್ಬರ ಮೈ ಇನ್ನೊಬ್ಬರು ತಿಕ್ತಾರೆ. ಶಾಹು ಮಹಾರಾಜರ ನೆರಳು ಬಿದ್ದ ಈ ಸೀಮೆಯಲ್ಲಿ ಆ ಮಾತಿಗೆ ಬೇರೆಯೇ ತೂಕ ಇದೆ. ತಾಲೀಮಿನ ಹೊರಗೆ ಬಂದು ಮಣ್ಣು ತೊಳ್ಕೊಂಡ ಮೇಲೆ ಆ ಸಮಾನತೆ ಎಷ್ಟು ದೂರ ನಡೀತಿತ್ತು ಅನ್ನೋದನ್ನ ಹೊಗಳೋಕೆ ನಾನು ಸಿದ್ಧನಿಲ್ಲ. ಆದರೂ ಒಳಗೆ ಇದ್ದದ್ದು ಇತ್ತು.

ಇದರಿಂದ ನೋವು ಕಡಿಮೆ ಆಗುತ್ತಾ? ಆಗುತ್ತೆ. 2018ರಲ್ಲಿ ಫ್ರಾನ್ಸಿನ ಡ್ಯುಪ್ವಿ ಮತ್ತು ಸಂಗಡಿಗರು 99 ಅಧ್ಯಯನಗಳನ್ನ ಒಟ್ಟಿಗೆ ಹಾಕಿ ತೂಗಿದರು. ಮಸಾಜು, ಬಿಗಿ ಬಟ್ಟೆ, ತಣ್ಣೀರು, ಸ್ಟ್ರೆಚಿಂಗ್ ಹೀಗೆ ನಾನಾ ಉಪಾಯಗಳಲ್ಲಿ ಈ ನೋವಿಗೂ ದಣಿವಿಗೂ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಮಸಾಜು. ಸ್ಟ್ರೆಚಿಂಗ್‌ನಿಂದ ನೋವು ಇಳಿಯಲಿಲ್ಲ. ಇಲ್ಲಿ ತಾಲೀಮಿನವರ ಆಚರಣೆ ಸರಿ, ವಿವರಣೆ ತಪ್ಪು. ಕೆಟ್ಟ ರಕ್ತ ಹಿಂಡಿ ತೆಗೀತೀವಿ ಅನ್ನೋರು ಅವರು. ಹಿಂಡಿ ತೆಗೆಯೋ ಅಂಥದ್ದು ಅಲ್ಲಿ ಏನೂ ಇಲ್ಲ, ಕೆಟ್ಟ ರಕ್ತವೂ ಇಲ್ಲ, ಲ್ಯಾಕ್ಟಿಕ್ ಆಸಿಡ್ಡೂ ಇಲ್ಲ. ಹದವಾಗಿ ತಿಕ್ಕಿದರೆ ನೋವಿನ ಅರಿವು ಇಳಿಯುತ್ತೆ, ಬಿಗಿತ ಸಡಿಲ ಆಗುತ್ತೆ, ಅಷ್ಟು. ಹರಿದ ಸ್ನಾಯುವನ್ನ, ಉಳುಕಿದ ಕೀಲನ್ನ 'ಬ್ಯಾನಿ ಹೋಗಲಿ' ಅಂತ ಜೋರಾಗಿ ತಿಕ್ಕಿ ಕೆಡಿಸಿದ ಉದಾಹರಣೆಗಳಿಗೂ ಹಳ್ಳಿಯಲ್ಲಿ ಬರ ಇಲ್ಲ. ಒಂದೇ ಕಡೆ ಚುಚ್ಚುವ ನೋವು, ಬಾವು, ಕೀಲಿನ ನೋವು ಇದ್ದರೆ ಅದು ಮೈ ಹಿಡ್ಕೊಂಡದ್ದಲ್ಲ, ಅದನ್ನ ತಿಕ್ಕಬಾರದು.

ಈಗಿನ ಫ್ಯಾಷನ್ ಐಸ್ ಬಾತ್. ನೋವು ಸ್ವಲ್ಪ ಇಳಿಸುತ್ತೆ ನಿಜ. ಆದರೆ 2015ರಲ್ಲಿ ಆಸ್ಟ್ರೇಲಿಯಾದಲ್ಲಿ 12 ವಾರ ವೇಟ್ ಎತ್ತಿಸಿ ನೋಡಿದಾಗ, ಪ್ರತಿಸಲ ಆದಮೇಲೆ ತಣ್ಣೀರಿನಲ್ಲಿ ಕೂತವರ ಸ್ನಾಯು ಮತ್ತು ಬಲ, ಹಗುರಾಗಿ ಸೈಕಲ್ ತುಳಿದವರದಕ್ಕಿಂತ ಕಡಿಮೆ ಬೆಳೆದಿತ್ತು. ಸ್ನಾಯು ಬೆಳೆಸೋಕೆ ಅಂತ ದುಡ್ಡು ಕೊಟ್ಟು, ಅದನ್ನ ತಡೆಯೋಕೂ ದುಡ್ಡು ಕೊಡೋದು. ಸೋಮೇಶ್ವರನ ಸಲಿಲಶ್ರಮವೇ ವಾಸಿ, ನೀರಿನಲ್ಲಿ ಓಡಾಡಿದ್ದಾದರೂ ಆಗುತ್ತೆ.

ಈ ಸೀಮೆಯಲ್ಲಿ ಭಾರ ಎತ್ತೋರು ಪೈಲ್ವಾನರು ಮಾತ್ರ ಅಲ್ಲ ಅನ್ನೋದನ್ನ ಇಲ್ಲಿ ಹೇಳದೇ ಮುಂದೆ ಹೋದರೆ ತಪ್ಪಾಗುತ್ತೆ. ಉಗಾರದಲ್ಲಿ ಸಕ್ಕರೆ ಕಾರ್ಖಾನೆ 1940ರ ಆಸುಪಾಸಿನಿಂದ ಇದೆ. ಈಗ ಕೃಷ್ಣಾ, ದೂಧಗಂಗಾ ದಂಡೆಯುದ್ದಕ್ಕೂ ಕಾರ್ಖಾನೆಗಳು. ದೀಪಾವಳಿ ಹತ್ತಿರ ಬಂತೆಂದರೆ ಬೀಡ ಕಡೆಯಿಂದ ಕಬ್ಬು ಕಡಿಯೋ ಗಂಡ ಹೆಂಡತಿ ಜೋಡಿಗಳು ಬರ್ತಾರೆ. ದಿನವಿಡೀ ಬಗ್ಗಿ ಕಡೀಬೇಕು, ಹೊರೆ ಕಟ್ಟಬೇಕು, ತಲೆ ಮೇಲೆ ಹೊತ್ತು ಹಲಗೆ ಹತ್ತಿ ಟ್ರಕ್ಕಿಗೆ ತುಂಬಬೇಕು. ಸೀಸನ್ನಿನ ಮೊದಲ ವಾರ ಅವರ ಮೈಯೂ ತಿಂಗಳುಗಟ್ಟಲೆ ಈ ಕೆಲಸ ಬಿಟ್ಟ ಮೈ. ಅದೇ ಸ್ನಾಯು, ಅದೇ ಅಂಕುಡೊಂಕಾದ ಗೆರೆ, ಅದೇ ಮೂರನೇ ದಿನ. ಲೆಕ್ಕ ಏರಿಸೋ ವಸ್ತಾದ ಅಲ್ಲಿಲ್ಲ; ಮುಂಗಡ ಕೊಟ್ಟ ಮುಕಾದಮ ಇದ್ದಾನೆ. ಮೊದಲ ದಿನದಿಂದಲೇ ಪೂರ್ತಿ ಹೊರೆ. ಅವರ ನೋವನ್ನ ಯಾವ ಆಪ್‌ನಲ್ಲೂ ಯಾರೂ ಗುರುತು ಮಾಡೋದಿಲ್ಲ.

ಇನ್ನು ಜಾತ್ರೆಯ ಹುಮ್ಮಸ್ಸು. ಸಂಗ್ರಾಣಿ ಕಲ್ಲು ಎತ್ತೋದು, ಉಸುಕಿನ ಚೀಲ ಹೊರೋದು, ಗುಂಡು ಎತ್ತೋದು ನಮ್ಮ ಕಡೆಯ ಹಳ್ಳಿ ಹಳ್ಳಿಗಳಲ್ಲಿ ಇನ್ನೂ ನಡೀತವೆ. ತಿಂಗಳುಗಟ್ಟಲೆ ಸಾಮು ಮಾಡಿ ಬಂದವರಿಗೆ ಅದು ಹಬ್ಬ. ಪುಣೆಯಲ್ಲೋ ಬೆಂಗಳೂರಿನಲ್ಲೋ ಕುರ್ಚಿ ಮೇಲೆ ವರ್ಷ ಕಳೆದು, ಗೆಳೆಯರು ಹುರಿದುಂಬಿಸಿದರು ಅಂತ ಚೀಲಕ್ಕೆ ಭುಜ ಕೊಡೋರ ವಿಷಯದಲ್ಲಿ ನನಗೆ ಭಯ. ಇದೇ ಭಯ ವಾರಾಂತ್ಯದ 'ಫಿಟ್‌ನೆಸ್ ಚಾಲೆಂಜ್'ಗಳ ಬಗ್ಗೆಯೂ. ಹೊಸ ಮೈಗೆ ಅತಿಯಾದ ಕೆಲಸ ಬಿದ್ದರೆ, ಅದರಲ್ಲೂ ಬಿಸಿಲಿನಲ್ಲಿ ನೀರಿಲ್ಲದೆ, ಸ್ನಾಯುವಿನ ಎಳೆಗಳು ಒಡೆದು ಒಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಸೇರುತ್ತೆ, ಕಿಡ್ನಿಗೆ ಹೊಡೆತ ಬೀಳುತ್ತೆ. ಈ ಕಾಯಿಲೆಯನ್ನ ವೈದ್ಯಲೋಕ ಚೆನ್ನಾಗಿ ಅರಿತದ್ದು 1941ರಲ್ಲಿ, ಜರ್ಮನ್ ಬಾಂಬಿಗೆ ಕುಸಿದ ಲಂಡನ್ನಿನ ಮನೆಗಳ ಕೆಳಗೆ ಕಾಲು ಜಜ್ಜಿಹೋದವರಲ್ಲಿ, ಬೈವಾಟರ್ಸ್ ಅನ್ನೋ ವೈದ್ಯರ ಬರಹದಿಂದ. ಸೇನೆಗೆ ಹೊಸದಾಗಿ ಸೇರಿದ ಹುಡುಗರಿಂದ ಲೆಕ್ಕವಿಲ್ಲದೆ ಬೈಠಕ್ ಹೊಡೆಸಿದಾಗಲೂ ಇದೇ ಆಗೋದನ್ನ ಆಮೇಲೆ ಕಂಡರು.

ಆದ್ದರಿಂದ ನಿಮ್ಮ ಟ್ರೇನರ್ ಮೊದಲ ದಿನವೇ ಐದು ಸೆಟ್ಟು ಮಾಡಿಸೋಕೆ ಬಂದರೆ ಎರಡಕ್ಕೆ ನಿಲ್ಲಿಸಿ, ನಾಚಿಕೆ ಬೇಡ. ಭಾರವನ್ನ ಇಳಿಸುವಾಗಿನ ಕೆಲಸವೇ ನೋಯಿಸೋದು, ಹಾಗಾಗಿ ಕಣ್ಣು ಅಲ್ಲಿರಲಿ. ನೋವು ಬಂದರೆ ಮಲಗಿಬಿಡಬೇಡಿ, ನಡೀರಿ, ಹಗುರಾಗಿ ಕೈಕಾಲು ಆಡಿಸಿ, ಮನೆಯಲ್ಲಿ ಯಾರಾದರೂ ಸಿಕ್ಕರೆ ಎಣ್ಣೆ ಹಚ್ಚಿ ಹದವಾಗಿ ತಿಕ್ಕಿಸಿಕೊಳ್ಳಿ. ನೋವು ಇಳಿದ ಮೇಲೆ, ತಿಂಗಳು ಬಿಡದೆ, ಅದೇ ಸಾಮು ಅಷ್ಟೇ ಭಾರದಲ್ಲಿ ಮತ್ತೆ ಮಾಡಿ. ನೋವಿನ ಮಾತ್ರೆ ನುಂಗಿ ಅದೇ ದಿನ ಮತ್ತೆ ಭಾರ ಎತ್ತಬೇಡಿ. ನೀರು ಕಡಿಮೆಯಾದ ಮೈಯಲ್ಲಿ ಐಬುಪ್ರೊಫೆನ್ ಥರದ ಮಾತ್ರೆಗಳು ಕಿಡ್ನಿಗೆ ಇನ್ನಷ್ಟು ಭಾರ. ನೋವು ದಿನದಿಂದ ದಿನಕ್ಕೆ ಏರ್ತಾ ಹೋದರೆ, ತೊಡೆಯೋ ತೋಳೋ ಊದಿ ಮಡಚೋಕೇ ಆಗದಿದ್ದರೆ, ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿದರೆ ಮಾಲೀಶ್ ಬೇಡ, ಐಸ್ ಬೇಡ, ನಾಳೆ ನೋಡೋಣ ಅನ್ನೋದಂತೂ ಬೇಡವೇ ಬೇಡ. ಸೀದಾ ದವಾಖಾನೆಗೆ ಹೋಗಿ, ಎಷ್ಟು ಭಾರ ಎತ್ತಿದಿರಿ, ಯಾವಾಗ ಎತ್ತಿದಿರಿ ಅನ್ನೋದನ್ನ ಮುಚ್ಚಿಡದೆ ಹೇಳಿ.